ಕಡಂಗಕ್ಕೆ ಕಲ್ಲು ಹಾಸದೆ ಗಾಡಿಯ ಮೂತಿ ಎತ್ತಿಸಿದವರಿಗೆ

ದಾರಿಗೂ ಗಡಿಗೂ ಸೀಸದ ಮುದ್ರೆಗೂ ಒಡೆಯರಾದ ಮಾನ್ಯ ಅಧಿಕಾರಿಗಳೇ,

ನನಗೆ ಹೆದರಿಕೆಯಾಗಿದೆ. ಇದನ್ನು ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಕಚೇರಿಯಲ್ಲಿ ಪತ್ರಗಳ ಎರಡನೆಯ ಸಾಲನ್ನು ಓದುವ ಪದ್ಧತಿ ಇದೆಯೋ ಇಲ್ಲವೋ ಎಂಬುದು ಏಳು ತಿಂಗಳು ಓಡಾಡಿದ ಮೇಲೂ ನನಗೆ ತಿಳಿದಿಲ್ಲ. ನಮ್ಮೂರ ಸಹಕಾರ ಸಂಘದ ಪಿಕಪ್ ಗಾಡಿಯ ಮುಂಭಾಗವನ್ನು ತಮ್ಮ ಆಜ್ಞೆಯ ಪ್ರಕಾರ ಮೂರು ಇಂಚು ಎತ್ತರಿಸಲಾಗಿತ್ತು. ಎತ್ತರಿಸಿದ ದಿನದಿಂದ ಅದರ ಸ್ಟೇರಿಂಗ್ ನನ್ನ ಮಾತು ಕೇಳುತ್ತಿರಲಿಲ್ಲ. ಇಳಿಜಾರಿನಲ್ಲಿ ಮುಂದಿನ ಎರಡು ಚಕ್ರಗಳು ಚಳಿಜ್ವರ ಬಂದವರ ಹಾಗೆ ನಡುಗುತ್ತಿದ್ದವು. ಬ್ರೇಕ್ ಒತ್ತಿದರೆ ಗಾಡಿ ಬಲಕ್ಕೆ ತಿರುಗುತ್ತಿತ್ತು, ಮತ್ತು ನಮ್ಮ ದಾರಿಯಲ್ಲಿ ಬಲಕ್ಕೆ ಇರುವುದು ಇನ್ನೂರು ಅಡಿ ಆಳದ ಕಣಿವೆ. ಪ್ರತಿ ಶುಕ್ರವಾರ ಈ ಗಾಡಿಯ ಹಿಂದುಗಡೆ ಹತ್ತು ಹನ್ನೊಂದು ಜನ ಕೂತು ಮೂರ್ನಾಡಿನ ಸಂತೆಗೆ ಹೋಗುತ್ತಾರೆ. ಅವರನ್ನು ಕರೆದುಕೊಂಡು ಹೋಗುವವನು ನಾನು.

ನನ್ನ ಹೆಸರು ದೇರಪ್ಪ. ಮೂರ್ನಾಡಿನಿಂದ ಆರು ಮೈಲಿ ಮೇಲಿನ ಊರಿನವನು, ಸಂಘದ ಡ್ರೈವರ್. ಯುದ್ಧಕಾಲದಲ್ಲಿ ನಾಲ್ಕು ವರ್ಷ ಸೈನ್ಯದ ಲಾರಿ ಓಡಿಸಿದೆ. ಬರ್ಮಾದ ಗಡಿಯಲ್ಲಿ, ಮೊಳಕಾಲುದ್ದ ಕೆಸರಿನಲ್ಲಿ, ದೀಪ ಹಚ್ಚದೆ ಓಡಿಸಿದವನು. ಆಗ ಹೆದರಲಿಲ್ಲ ಎಂದು ಜಂಬ ಕೊಚ್ಚುವುದಿಲ್ಲ, ಹೆದರಿದ್ದೆ. ಆದರೆ ಆಗ ನನ್ನನ್ನು ಹೆದರಿಸುತ್ತಿದ್ದವರು ಎದುರು ಪಕ್ಷದವರು. ಈಗ ಹೆದರಿಸುತ್ತಿರುವುದು ನಾವೇ ಓಟು ಹಾಕಿ ತಂದ, ನಮ್ಮದೇ ಪುಟ್ಟ ಕೊಡಗು ರಾಜ್ಯದ ಒಂದು ಕಚೇರಿ. ಕೊಡಗಿನಲ್ಲಿ ಗಂಡಸೊಬ್ಬ ತನಗೆ ಹೆದರಿಕೆ ಎಂದು ಪತ್ರಿಕೆಯಲ್ಲಿ ಅಚ್ಚು ಹಾಕಿಸುವುದು ಎಂಥ ಕಷ್ಟ ಎಂದು ತಮಗೆ ಗೊತ್ತಿರಲಿಕ್ಕಿಲ್ಲ. ಮಗು ಹುಟ್ಟಿದರೆ ಗುಂಡು, ಮನುಷ್ಯ ಸತ್ತರೆ ಗುಂಡು ಹಾರಿಸುವ ನಾಡು ಇದು. ಈ ಪತ್ರ ಬರೆಯುತ್ತೇನೆಂದು ಹೇಳಿದಾಗ ನಮ್ಮ ಸಂಘದ ಅಧ್ಯಕ್ಷರಾದ ಬೋಜಪ್ಪಜ್ಜ ಬಾಯಿಯ ಎಲೆಅಡಿಕೆ ಉಗುಳಿ, "ಹೆದ್ರಿಕೆ ಆದ್ರೆ ಹೆಂಡ್ತಿ ಹತ್ರ ಹೇಳು ಮಾರಾಯ, ಪೇಪರಿಗೆ ಎಂತಕೆ? ನಾಳೆ ಮೂರ್ನಾಡಿನ ಹೋಟ್ಲಲ್ಲಿ ನಿನ್ನ ಓದಿ ನಗಾಡ್ತಾರೆ" ಎಂದರು. ನಗಲಿ. ನಗುವವರು ಒಂದು ಸಲ ಆ ಗಾಡಿಯ ಮುಂದಿನ ಸೀಟಿನಲ್ಲಿ ಕೂತು ಇಳಿದ ಮೇಲೆ ನಗಲಿ.

ವಿಷಯ ಶುರುವಾದದ್ದು ಕಡಂಗದಿಂದ. ಕಡಂಗವೆಂದರೆ ಏನೆಂದು ಕೊಡಗಿನಲ್ಲಿ ಕೂತ ಅಧಿಕಾರಿಗೆ ನಾನು ವಿವರಿಸಬೇಕಾಗಿಲ್ಲ ಎಂದುಕೊಂಡಿದ್ದೆ. ಆದರೆ ತಮ್ಮ ಉತ್ತರ ನೋಡಿದ ಮೇಲೆ ವಿವರಿಸುವುದೇ ಕ್ಷೇಮ. ಹಿಂದೆ, ನಮ್ಮ ಅಜ್ಜಂದಿರ ಅಜ್ಜಂದಿರ ಕಾಲದಲ್ಲಿ, ಶತ್ರು ಬರದ ಹಾಗೆ ಬೆಟ್ಟಗುಡ್ಡಗಳ ಮೇಲೆ ಮೈಲಿಗಟ್ಟಲೆ ತೋಡಿದ ಕಂದಕ ಅದು. ಶತ್ರುಗಳು ಹೋದರು, ಕಂದಕ ಉಳಿಯಿತು. ಈಗ ಅದು ನಮ್ಮೂರಿಗೂ ಆಚೆ ಊರಿಗೂ ಗಡಿ. ನಮ್ಮೂರಿನಿಂದ ಮೂರ್ನಾಡಿಗೆ ಹೋಗುವ ದಾರಿ ಎರಡನೇ ಮೈಲಿಯಲ್ಲಿ ಇದಕ್ಕೆ ಇಳಿದು ಹತ್ತುತ್ತದೆ. ಎತ್ತಿನ ಗಾಡಿಗಳು ನೂರು ವರ್ಷ ಇಳಿದು ಹತ್ತಿ ಎರಡು ಕಡೆಯ ದಂಡೆಯನ್ನು ಸವೆಸಿವೆ. ಆದರೂ ಮೋಟಾರು ಇಳಿದಾಗ ಅದರ ಮೂತಿ ಎದುರು ದಂಡೆಗೆ ಹೋಗಿ ಗುದ್ದುತ್ತದೆ. ಎತ್ತಿಗೆ ಮೂತಿ ಎತ್ತು ಎಂದರೆ ಎತ್ತುತ್ತದೆ. ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ತಂದ ಪಿಕಪ್ಪಿಗೆ ಆ ವಿದ್ಯೆ ಇಲ್ಲ.

ಹಾಗಾದರೆ ಕಡಂಗಕ್ಕೆ ಎರಡು ಗಾಡಿ ಮಣ್ಣು ಸುರಿದು ಮುಚ್ಚಬಾರದೇ ಎಂದು ಘಟ್ಟದ ಕೆಳಗಿನವರು ಯಾರಾದರೂ ಕೇಳಬಹುದು. ಮುಚ್ಚುವಂತಿಲ್ಲ. ಕಡಂಗಕ್ಕೆ ಮಣ್ಣು ಹಾಕಿದವನ ಮನೆಗೆ ಒಳ್ಳೆಯದಾಗುವುದಿಲ್ಲ ಎಂದು ನಮ್ಮಲ್ಲೂ ಆಚೆ ಊರಲ್ಲೂ ನಂಬಿಕೆ. ಗಡಿ ಅಳಿಸಿದವನು ಎರಡೂ ಕಡೆಗೆ ಸಲ್ಲದವನು. ಇದಕ್ಕಾಗಿ ನಮ್ಮ ಬೋಜಪ್ಪಜ್ಜನೂ ಆಚೆ ಊರಿನ ಪೊನ್ನಪ್ಪನವರೂ, ಒಬ್ಬರ ಮುಖ ಇನ್ನೊಬ್ಬರು ನೋಡದೆ ಹನ್ನೆರಡು ವರ್ಷ ಕಳೆದವರು, ಕಡಂಗದ ಆಚೀಚೆ ದಂಡೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಮೂರು ಸಲ ಪಂಚಾಯಿತಿ ನಡೆಸಿದರು. ಮೊದಲ ಸಲ ಬೈದಾಡಿದರು. ಎರಡನೇ ಸಲ ಸುಮ್ಮನೆ ಕೂತರು. ಮೂರನೇ ಸಲ ಪೊನ್ನಪ್ಪನವರೇ ದಾರಿ ಹುಡುಕಿದರು: "ಮಣ್ಣು ಹಾಕೋದು ಬೇಡ. ಮೇಲಿಂದ ಮೂರು ಕಲ್ಲು ಚಪ್ಪಡಿ ಅಡ್ಡ ಹಾಸುವ. ಕಡಂಗ ಕೆಳಗೆ ಕಡಂಗವಾಗಿಯೇ ಇರ್ತದೆ, ಗಾಡಿ ಮೇಲೆ ಹೋಗ್ತದೆ." ಸೇತುವೆಯ ಕೆಳಗೆ ಗಡಿ, ಮೇಲೆ ದಾರಿ. ಇಷ್ಟು ಚಂದದ ತೀರ್ಪನ್ನು ನಾನು ಕಂಡಿಲ್ಲ. ಕಲ್ಲನ್ನು ಎರಡೂ ಊರಿನವರು ಸೇರಿ ಕಡಿಸಿದೆವು, ಜನ ಸೇರಿ ಎಳೆದು ತಂದು ದಾರಿ ಬದಿಗೆ ಇಟ್ಟೆವು. ದಾರಿ ಸರ್ಕಾರದ್ದಾದ್ದರಿಂದ ಹಾಸುವುದಕ್ಕೆ ತಮ್ಮ ಒಂದು ರುಜು ಬೇಕಿತ್ತು. ಬೇರೇನೂ ಕೇಳಲಿಲ್ಲ, ಬರೀ ರುಜು.

ಮಡಿಕೇರಿಯ ತಮ್ಮ ಕಚೇರಿಯಿಂದ ನಮ್ಮ ಕಡಂಗಕ್ಕೆ ಹದಿಮೂರು ಮೈಲಿ. ಭಾರತದಲ್ಲೇ ಇಷ್ಟು ಚಿಕ್ಕ ರಾಜ್ಯ ಇನ್ನೊಂದಿಲ್ಲ ಎಂದು ನಾವು ಹೆಮ್ಮೆಪಡುತ್ತೇವೆ. ಹದಿಮೂರು ಮೈಲಿ ಬರಲು ತಮ್ಮ ಉತ್ತರ ತೆಗೆದುಕೊಂಡದ್ದು ನಾಲ್ಕು ತಿಂಗಳು. ನಡೆದುಕೊಂಡು ಬಂದಿದ್ದರೂ ಅದು ದಾರಿಯಲ್ಲಿ ಸಂಸಾರ ಹೂಡಿಕೊಂಡು ಬರಬಹುದಿತ್ತು. ಆ ಉತ್ತರವನ್ನು ನಾನು ಕಂಠಪಾಠ ಮಾಡಿದ್ದೇನೆ: "ಸದರಿ ಕಂದಕವು ಎರಡು ಗ್ರಾಮಗಳ ಗಡಿಯಾಗಿರುವುದರಿಂದ ಅದರ ಮೇಲೆ ಯಾವುದೇ ಕಟ್ಟೋಣಕ್ಕೆ ಅವಕಾಶವಿರುವುದಿಲ್ಲ. ಮೇಲಾಗಿ, ಸಂಘದ ವಾಹನದ ಮುಂಭಾಗವು ಗಡಿಯ ದಂಡೆಗೆ ತಗುಲಿ ದಂಡೆಯು ಜಖಂ ಆಗುತ್ತಿರುವುದು ಈ ಕಚೇರಿಯ ಗಮನಕ್ಕೆ ಬಂದಿದೆ. ಆದಕಾರಣ ವಾಹನದ ಮುಂಭಾಗವನ್ನು ಹದಿನೈದು ದಿನಗಳೊಳಗಾಗಿ ಮೂರು ಇಂಚು ಎತ್ತರಿಸಿಕೊಳ್ಳತಕ್ಕದ್ದು. ತಪ್ಪಿದಲ್ಲಿ ಪರ್ಮಿಟ್ಟು ರದ್ದಾಗುವುದು." ಅಲ್ಲ ಸ್ವಾಮಿ, ನಮ್ಮ ಗಾಡಿಯ ಮೂತಿ ಒಡೆಯುತ್ತಿದೆ ಎಂದು ನಾವು ಅರ್ಜಿ ಕೊಟ್ಟರೆ, ದಂಡೆಗೆ ನೋವಾಯಿತು ಎಂದು ನೀವು ಉತ್ತರ ಕೊಡುವುದೇ? ಬಾಗಿಲು ಗಿಡ್ಡವಾಯಿತು ಎಂದರೆ ತಲೆ ಕತ್ತರಿಸಿಕೊಳ್ಳಿ ಎಂದ ಹಾಗಾಯಿತು. ಬಂಪರ್ ತೆಗೆದು ನೋಡಿದೆವು, ಅದರ ಹಿಂದಿನ ಕಬ್ಬಿಣ ಗುದ್ದಿತು. ಬೇರೆ ದಾರಿ ಕಾಣಲಿಲ್ಲ. ಊರಿಗಿರುವುದು ಒಂದೇ ಮೋಟಾರು.

ಇನ್ನು ನಮ್ಮ ತಪ್ಪನ್ನೂ ಹೇಳಬೇಕು. ಹೇಳದಿದ್ದರೆ ಈ ಪತ್ರಕ್ಕೆ ಮರ್ಯಾದೆ ಇಲ್ಲ. ಮೂರ್ನಾಡಿನಲ್ಲಿ ಮೋಟಾರು ರಿಪೇರಿ ಮಾಡುವ ಕಿಟ್ಟು ಇದ್ದಾನೆ. ಮಡಿಕೇರಿಯ ಅರ್ಚಕರ ಮನೆಯವನು. ಗಂಟೆ ಅಲ್ಲಾಡಿಸಬೇಕಾದವನು ಸ್ಪ್ಯಾನರ್ ಹಿಡಿದ ಎಂದು ಅವನ ತಂದೆಗೆ ಇಂದಿಗೂ ಕೋಪ. ಅವನು ಗಾಡಿ ನೋಡಿ, "ಬೇಡ ದೇರಪ್ಪಣ್ಣ, ಮುಂದಿನ ಕಮಾನಿಗೂ ಆಕ್ಸಲ್ಲಿಗೂ ನಡುವೆ ಮರ ಇಟ್ರೆ ಆಗೋದಲ್ಲ, ಸ್ಟೇರಿಂಗ್ ಕೆಡ್ತದೆ" ಎಂದು ಮೊದಲೇ ಹೇಳಿದ. ಕಮಾನೆಂದರೆ ಗಾಡಿಯ ಭಾರ ಹೊರುವ ಬಾಗಿದ ಉಕ್ಕಿನ ಪಟ್ಟಿ. ನಾನು ತಮ್ಮ ಪತ್ರ ತೋರಿಸಿದೆ. ಸರ್ಕಾರದ ಮುದ್ರೆ ನೋಡಿ ಬ್ರಾಹ್ಮಣ ಬಾಯಿ ಮುಚ್ಚಿದ. ನಮ್ಮೂರಿನ ಆಚಾರಿ ನಂದಿ ಮರದಲ್ಲಿ ಮೂರು ಇಂಚು ದಪ್ಪದ ಎರಡು ತುಂಡು ಕೆತ್ತಿಕೊಟ್ಟ. ಕಮಾನಿನ ಕೆಳಗೆ ಮೊದಲಿದ್ದ ತೆಳು ಕಬ್ಬಿಣದ ಬೆಣೆ ಒಂದು ಕಡೆ ದಪ್ಪ, ಒಂದು ಕಡೆ ತೆಳು ಇದ್ದುದರಿಂದ ಮರವನ್ನೂ ಹಾಗೆಯೇ ಇಳಿಜಾರು ಮಾಡಿದ. ಕೂರಿಸುವಾಗ ದಪ್ಪ ತುದಿ ಯಾವ ಕಡೆಗೆ ಎಂಬ ಪ್ರಶ್ನೆ ಬಂತು. ಕಳಚಿಟ್ಟ ಬೆಣೆ ಯಾವ ಮುಖವಾಗಿತ್ತೆಂದು ಯಾರೂ ಗುರುತು ಮಾಡಿರಲಿಲ್ಲ. ಆಚಾರಿ ನಲವತ್ತು ವರ್ಷದಿಂದ ನೇಗಿಲು ಮಾಡುವವನು. "ನೇಗಿಲಿನ ಮೂತಿ ಎತ್ತಬೇಕಾದ್ರೆ ಬೆಣೆಯ ದಪ್ಪ ಮುಂದೆ ಕೊಡೂದು. ಇದೂ ಮೂತಿ ಎತ್ತೂದೇ ಅಲ್ಲವಾ?" ಎಂದು ಸುಣ್ಣದಲ್ಲಿ ಗೀಟು ಎಳೆದ. ಹೌದಲ್ಲ ಎಂದೆ ನಾನು. ಗದ್ದೆ ಉತ್ತ ಮನುಷ್ಯ, ನನಗೂ ಅದೇ ಸರಿಯಾಗಿ ಕಂಡಿತು. ಕಿಟ್ಟು ಆಗ ಇನ್ನೊಂದು ಚಕ್ರದ ಕೆಳಗೆ ಮಲಗಿದ್ದ, ನಾವು ಹೇಳಿದ ಹಾಗೆ ಕೂರಿಸಿದ. ಕೊಡಗಿನ ಗದ್ದೆಯ ಬುದ್ಧಿಯನ್ನು ನಾವು ಮೋಟಾರಿನ ಕೆಳಗೆ ತುರುಕಿದೆವು.

ತಪ್ಪೇನೆಂದು ಆಮೇಲೆ ತಿಳಿಯಿತು. ಸೈಕಲ್ಲಿನ ಮುಂದಿನ ಕವಲನ್ನು ನೋಡಿ, ಅದು ಸ್ವಲ್ಪ ಹಿಂದಕ್ಕೆ ಒರಗಿರುತ್ತದೆ. ಹಾಗಾಗಿ ಕೈ ಬಿಟ್ಟರೂ ಚಕ್ರ ನೆಟ್ಟಗೆ ಹೋಗುತ್ತದೆ. ಮೋಟಾರಿನ ಮುಂದಿನ ಚಕ್ರವೂ ಹಾಗೆ ಒರಗಿ ನಿಂತರೇನೇ ತಿರುವಿನ ನಂತರ ಸ್ಟೇರಿಂಗ್ ತಾನಾಗಿ ಹಿಂದಕ್ಕೆ ಬರುವುದು. ದಪ್ಪ ತುದಿ ಮುಂದಾಗಿದ್ದರಿಂದ ನಮ್ಮ ಗಾಡಿಯ ಚಕ್ರಗಳು ಹಿಂದಕ್ಕೆ ಒರಗುವ ಬದಲು ಮುಂದಕ್ಕೆ ವಾಲಿದವು. ಇದರ ಮೇಲೆ, ಸ್ಟೇರಿಂಗಿನಿಂದ ಚಕ್ರಕ್ಕೆ ಹೋಗುವ ಕಬ್ಬಿಣದ ತೋಳು ಮೊದಲು ಅಡ್ಡಲಾಗಿ ಇದ್ದದ್ದು ಮೂರು ಇಂಚು ಎತ್ತಿದ್ದರಿಂದ ಇಳಿಜಾರಾಯಿತು. ಬ್ರೇಕ್ ಒತ್ತಿ ಮೂತಿ ತಗ್ಗಿದಾಗಲೆಲ್ಲ ಆ ತೋಳು ತಾನೇ ಚಕ್ರವನ್ನು ಬಲಕ್ಕೆ ತಳ್ಳುತ್ತಿತ್ತು. ನನ್ನ ಕೈ ಎಡಕ್ಕೆ ಹಿಡಿದಿರುತ್ತಿತ್ತು, ಗಾಡಿ ಬಲಕ್ಕೆ ಹೋಗುತ್ತಿತ್ತು. ಒಂದು ಗಾಡಿಗೆ ಇಬ್ಬರು ಡ್ರೈವರು: ಒಬ್ಬ ನಾನು, ಇನ್ನೊಬ್ಬ ತಮ್ಮ ಮೂರು ಇಂಚು.

ಇದನ್ನೆಲ್ಲ ನಾನು ಮೊದಲ ವಾರದಲ್ಲೇ ಸರಿಮಾಡುತ್ತಿದ್ದೆ. ಆದರೆ ಅಷ್ಟರಲ್ಲಿ ತಮ್ಮ ಗುಮಾಸ್ತರು ಬಂದಾಗಿತ್ತು. ಅಳತೆಕೋಲು ಹಿಡಿದು ಮೂತಿಯ ಎತ್ತರ ಅಳೆದರು. ಚಕ್ರ ತಿರುಗಿಸಿ ನೋಡಲಿಲ್ಲ, ಗಾಡಿ ಓಡಿಸಿ ನೋಡಲಿಲ್ಲ, ಎತ್ತರ ಮಾತ್ರ ಅಳೆದು "ಸರಿಯಾಗಿದೆ" ಎಂದು ಬರೆದುಕೊಂಡರು. ಆಮೇಲೆ ಚೀಲದಿಂದ ತಂತಿ ತೆಗೆದು, ಕಮಾನನ್ನೂ ಮರವನ್ನೂ ಆಕ್ಸಲ್ಲನ್ನೂ ಸೇರಿಸಿ ಹಿಡಿದ ನಾಲ್ಕು ಯು ಬೋಲ್ಟುಗಳ ನಟ್ಟಿಗೆ ಸುತ್ತಿ, ತುದಿಗೆ ಸೀಸದ ಮುದ್ರೆ ಒತ್ತಿದರು. ಯಾಕೆ ಎಂದರೆ, ತಪಾಸಣೆ ಆದ ಮೇಲೆ ಗಾಡಿಯವರು ಕಳ್ಳತನದಿಂದ ಮತ್ತೆ ತಗ್ಗಿಸಬಾರದಂತೆ. ಅಂಗಡಿ ತಕ್ಕಡಿಗೆ, ಟಪಾಲು ಚೀಲಕ್ಕೆ ಮುದ್ರೆ ಹಾಕುವುದನ್ನು ಕಂಡಿದ್ದೆ. ಬೋಲ್ಟಿಗೆ ಮುದ್ರೆ ಹಾಕಿದ್ದನ್ನು ಇದೇ ಮೊದಲು ಕಂಡದ್ದು. ಹೊಸದಾಗಿ ಮರ ಇಟ್ಟು ಬಿಗಿದ ಬೋಲ್ಟು ಐವತ್ತು ಮೈಲಿ ಓಡಿದ ಮೇಲೆ ಸಡಿಲವಾಗುತ್ತದೆ, ಮತ್ತೆ ಬಿಗಿಯಬೇಕು, ಇದು ಎಂಟು ದಿನದ ಡ್ರೈವರಿಗೂ ಗೊತ್ತು. ಬಿಗಿಯಬೇಕಾದರೆ ತಂತಿ ಕತ್ತರಿಸಬೇಕು. ತಂತಿ ಕತ್ತರಿಸಿದರೆ ಪರ್ಮಿಟ್ಟು ಹೋಗುತ್ತದೆ. ಅಂದರೆ ಗಾಡಿ ನೆಟ್ಟಗೆ ಓಡಬಾರದು, ಆದರೆ ಓಡುತ್ತಿರಬೇಕು!

ಇನ್ನು ಆ ಶುಕ್ರವಾರದ ಕಥೆ. ಕಡಂಗ ದಾಟಿದ ಮೇಲೆ ಒಂದು ಮೈಲಿ ಇಳಿಜಾರು, ಕೊನೆಗೆ ಎಡಕ್ಕೆ ಹೊರಳುವ ತಿರುವು. ಹಿಂದೆ ಒಂಬತ್ತು ಜನ, ಜೊತೆಗೆ ಕೋಳಿ, ಬಾಳೆಗೊನೆ, ಏಲಕ್ಕಿ ಚೀಲ. ನನ್ನ ಹೆಂಡತಿ ಗಂಗಮ್ಮ ಕೂಡ ಹಿಂದೆಯೇ ಕೂತಿದ್ದಳು, ಮೊಟ್ಟೆಯ ಬುಟ್ಟಿ ಮಡಿಲಲ್ಲಿಟ್ಟುಕೊಂಡು. ತಿರುವಿನ ಮೊದಲು ಒಂದು ಚಿಕ್ಕ ಕಲ್ಲಿಗೆ ಚಕ್ರ ತಗುಲಿತು. ಅಷ್ಟೇ. ಮುಂದಿನ ಚಕ್ರಗಳೆರಡೂ ಎಡಕ್ಕೆ ಬಲಕ್ಕೆ ಬಡಿದುಕೊಳ್ಳಲು ಶುರುವಾದವು, ಸ್ಟೇರಿಂಗ್ ನನ್ನ ಕೈಯಿಂದ ಕಿತ್ತುಕೊಂಡು ಹೆಬ್ಬೆರಳಿಗೆ ಹೊಡೆಯಿತು, ದೀಪದ ಬುರುಡೆಗಳು ಗಡಗಡ ಎಂದವು. ಬ್ರೇಕ್ ಒತ್ತಿದೆ. ಒತ್ತಿದ್ದೇ ತಪ್ಪು. ಮೂತಿ ಬಲಕ್ಕೆ ತಿರುಗಿತು. ಬಲಗಡೆಯ ಮರಗಳ ತುದಿ ನನ್ನ ಕಾಲಿನ ಮಟ್ಟದಲ್ಲಿ ಕಂಡವು. ಮರದ ಬುಡ ಕಾಣಬೇಕಾದ ಜಾಗದಲ್ಲಿ ತುದಿ ಕಂಡರೆ ಮನುಷ್ಯನಿಗೆ ಏನಾಗುತ್ತದೆ ಎಂದು ತಮಗೆ ಯಾವ ಭಾಷೆಯಲ್ಲಿ ಹೇಳಲಿ? ದೇವರ ಹೆಸರೂ ಬಾಯಿಗೆ ಬರಲಿಲ್ಲ. ಬ್ರೇಕ್ ಬಿಟ್ಟೆ, ಎರಡೂ ಕೈಯಿಂದ ಜೋತುಬಿದ್ದು ಎಡಕ್ಕೆ ಎಳೆದೆ, ಗಾಡಿಯನ್ನು ಬೇಕೆಂದೇ ಎಡಗಡೆಯ ಗುಡ್ಡ ಕಡಿದ ಮಣ್ಣಿನ ಬರೆಗೆ ಉಜ್ಜಿಸಿದೆ. ನಿಂತಿತು.

ಹಿಂದಿನಿಂದ ನಗು ಕೇಳಿತು. ಹೌದು ಮಾನ್ಯರೇ, ನಗು! ಒಂದು ಕೋಳಿ ತಪ್ಪಿಸಿಕೊಂಡು ಬೊಳ್ಳಮ್ಮಜ್ಜಿಯ ತಲೆಯ ಮೇಲೆ ಕೂತಿತ್ತಂತೆ. ಎಪ್ಪತ್ತು ದಾಟಿದ ಮುದುಕಿ ಅದನ್ನು ಕಾಲು ಹಿಡಿದು ಇಳಿಸುತ್ತಾ, "ಎಂತ ದೇರಪ್ಪ, ನಮ್ಮ ಕುಣಿಸಿಕಂಡ್ ಹೋದು ನೀನು?" ಎಂದಳು. ಪಕ್ಕದವಳು ಯಾರೋ "ಹೆದ್ರಿಕೆ ಆತಾ ಅಜ್ಜಿ?" ಎಂದು ಕೇಳಿದಾಗ ಅಜ್ಜಿ ಹೇಳಿದ ಮಾತು ನನಗೆ ಆ ಕಣಿವೆಗಿಂತ ಹೆಚ್ಚು ಹೆದರಿಕೆ ತಂದಿತು: "ಎಂತಕೆ ಹೆದ್ರಿಕೆ? ದೇರಪ್ಪ ಉಟ್ಟಲ್ಲ!" ದೇರಪ್ಪ ಇದ್ದಾನಲ್ಲ ಎಂದು. ನಾನು ಕೆಳಗಿಳಿದೆ. ರೇಡಿಯೇಟರಿನ ನೀರು ನೋಡುತ್ತೇನೆಂದು ಹೇಳಿ ಬಾನೆಟ್ ಎತ್ತಿ ಅದರ ಮರೆಯಲ್ಲಿ ನಿಂತುಕೊಂಡೆ. ನೀರು ಸರಿಯಾಗಿಯೇ ಇತ್ತು. ಕೈ ನಡುಗುವುದು ಅವರಿಗೆ ಕಾಣಬಾರದಿತ್ತು, ಅಷ್ಟೇ. ಒಂದು ಬೀಡಿ ಹೊತ್ತಿಸಿ, ಸೇದಿ ಮುಗಿಸಿ ಬಾನೆಟ್ ಇಳಿಸಿದೆ.

ಅಂದಿನಿಂದ ನನಗೆ ನಿದ್ದೆ ಸರಿಯಿಲ್ಲ, ಊಟ ಸೇರುವುದಿಲ್ಲ. ಗಾಡಿಯನ್ನು ಓಡಿಸದಿದ್ದರೆ ಸಂಘಕ್ಕೆ ಬೇರೆ ಡ್ರೈವರು ಬರುತ್ತಾನೆ, ಅವನಿಗೆ ಈ ಗಾಡಿಯ ಗುಣ ತಿಳಿಯದು, ಮೊದಲ ತಿರುವಿನಲ್ಲೇ ಬ್ರೇಕ್ ಒತ್ತುತ್ತಾನೆ. ಆದ್ದರಿಂದ ಹೆದರಿಕೊಂಡೇ ಓಡಿಸಿದೆ. ಆಳು ನಡೆಯುವಷ್ಟು ನಿಧಾನವಾಗಿ, ಎರಡನೇ ಗೇರು ಬಿಡದೆ. ಮಣ್ಣು ದಾರಿಯಲ್ಲಿ ಕೂತು ಬೋಲ್ಟುಗಳನ್ನು ಕೈಯಿಂದ ಮುಟ್ಟಿ ಮುಟ್ಟಿ ನೋಡಿದೆ. ಮೂರನೇ ವಾರಕ್ಕೆ ನಟ್ಟು ಬೆರಳಿನಿಂದಲೇ ಅಲುಗಾಡಿತು. ತಂತಿ ಮಾತ್ರ ಬಿಗಿಯಾಗಿತ್ತು. ತಮ್ಮ ಇಲಾಖೆಯ ಕೆಲಸ ಗಟ್ಟಿ ಎಂದು ಒಪ್ಪಬೇಕು.

ತಮ್ಮ ಕಚೇರಿಗೂ ಬಂದೆ. ತಾವು ಸರ್ಕೀಟು ಹೋಗಿದ್ದಿರಿ. ಅದೇ ಗುಮಾಸ್ತರು ಸಿಕ್ಕಿದರು. "ಸ್ವಾಮಿ, ಬೋಲ್ಟ್ ಬಿಗಿ ಮಾಡಬೇಕು, ಮರವನ್ನ ತಿರುಗಿಸಿ ಕೂರಿಸಬೇಕು. ಎತ್ತರ ಒಂದು ನೂಲಿನಷ್ಟೂ ಕಮ್ಮಿ ಆಗೋದಿಲ್ಲ. ಮುದ್ರೆ ಒಡೆಯಲಿಕ್ಕೆ ಅಪ್ಪಣೆ ಕೊಡಿ" ಎಂದೆ.

"ಮುದ್ರೆ ಒಡೆಯುವ ಅಧಿಕಾರ ಈ ಕಚೇರಿಗೆ ಇಲ್ಲ."

"ಹಾಕಿದವರು ನೀವೇ ಅಲ್ವಾ?"

"ಹಾಕುವ ಅಧಿಕಾರ ಇದೆ. ತೆಗೆಯುವುದು ಮುಂದಿನ ತಪಾಸಣೆಯಲ್ಲಿ. ಸೆಪ್ಟೆಂಬರಿನಲ್ಲಿ."

"ಅಷ್ಟರಲ್ಲಿ ಗಾಡಿ ಕಣಿವೆಗೆ ಬಿದ್ರೆ?"

ಅವರು ಕನ್ನಡಕದ ಮೇಲಿಂದ ನೋಡಿದರು. ಒಳ್ಳೆಯ ಮನುಷ್ಯರೇ, ತಮಾಷೆ ಮಾಡಲಿಲ್ಲ. ನಿಜಕ್ಕೂ ಯೋಚಿಸಿ ಹೇಳಿದರು: "ಬಿದ್ದಲ್ಲಿ ವಿಶೇಷ ತಪಾಸಣೆಗೆ ಅವಕಾಶ ಉಂಟು."

ನಾನು ಅಲ್ಲಿಂದ ಎದ್ದು ಬಂದೆ. ಬಸ್ಸಿನಲ್ಲಿ ಮೂರ್ನಾಡಿನವರೆಗೂ ಅದೇ ಮಾತು ಕಿವಿಯಲ್ಲಿ. ಮಾನ್ಯರೇ, ತಮ್ಮನ್ನು ಒಂದು ಮಾತು ಕೇಳುತ್ತೇನೆ. ಆ ಮುದ್ರೆ ಯಾರನ್ನು ಕಾಯುತ್ತಿತ್ತು? ಬೊಳ್ಳಮ್ಮಜ್ಜಿಯನ್ನೇ? ಕಡಂಗದ ದಂಡೆಯನ್ನೇ? ಯಾವ ಶತ್ರುವಿಗಾಗಿ ಆ ಕಂದಕ ತೋಡಿದರೋ ಆ ಶತ್ರು ಸತ್ತು ಮಣ್ಣಾಗಿ ಎಷ್ಟೋ ಕಾಲವಾಯಿತು. ಈಗ ಅದರ ದೆಸೆಯಿಂದ ಕಣಿವೆಗೆ ಬೀಳಲಿರುವವರು ಸಂತೆಗೆ ಹೋಗುವ ಹೆಂಗಸರು. ಎರಡು ಊರಿನ ಹಿರಿಯರು, ಓದು ಬರಹ ಅಷ್ಟಕ್ಕಷ್ಟೇ ಇರುವವರು, ಗಡಿಯನ್ನೂ ಉಳಿಸಿ ದಾರಿಯನ್ನೂ ಮಾಡುವ ಉಪಾಯ ಮೂರೇ ಪಂಚಾಯಿತಿಯಲ್ಲಿ ಕಂಡುಕೊಂಡರು. ತಮಗೆ ಇಂಗ್ಲಿಷು ಬರುತ್ತದೆ, ನಕ್ಷೆ ಬರುತ್ತದೆ, ಕುರ್ಚಿಗೆ ಕೈ ಇದೆ. ಮೂರು ಕಲ್ಲು ಹಾಸುವುದಕ್ಕೆ ರುಜು ಹಾಕುವುದಕ್ಕಿಂತ ಒಂದು ಮೋಟಾರಿನ ಮೈ ಮುರಿಯುವುದು ಸುಲಭವೆಂದು ತಮಗೆ ಹೇಗೆ ಕಂಡಿತು? ನನಗೆ ಸಿಟ್ಟು ಬಂದಿದೆ ಎಂದು ತಾವು ಭಾವಿಸಬಹುದು. ಬಂದಿದೆ. ಆದರೆ ಸಿಟ್ಟಿನ ಕೆಳಗೆ ಇರುವುದು ಹೆದರಿಕೆಯೇ. ಸಿಟ್ಟು ಬರೀ ಮೇಲಿನ ಕಂಬಳಿ.

ಈಗ ನಾನು ಮಾಡಿದ್ದನ್ನು ಹೇಳುತ್ತೇನೆ. ಇದನ್ನು ಸಂಘ ಮಾಡಿದ್ದಲ್ಲ, ಬೋಜಪ್ಪಜ್ಜನಿಗೆ ಗೊತ್ತಿರಲಿಲ್ಲ, ಕಿಟ್ಟು ನಾನು ಹೇಳಿದ್ದಕ್ಕೆ ಸ್ಪ್ಯಾನರ್ ಹಿಡಿದ ಅಷ್ಟೇ. ಕಳೆದ ಸೋಮವಾರ ಬೆಳಿಗ್ಗೆ, ಯಾರನ್ನೂ ಹತ್ತಿಸದೆ, ಖಾಲಿ ಗಾಡಿಯನ್ನು ಹೊರಡಿಸಿದೆ. ಕಡಂಗವನ್ನು ಎತ್ತಿದ ಮೂತಿಯಲ್ಲೇ ಕೊನೆಯ ಸಲ ದಾಟಿಸಿ, ಆ ತಿರುವನ್ನೂ ಇಳಿಸಿ, ಕೆಳಗೆ ಪೊನ್ನಪ್ಪನವರ ಕಾಫಿ ಒಣಗಿಸುವ ಕಣದಲ್ಲಿ ನಿಲ್ಲಿಸಿ ಅಲ್ಲೇ ಮರದ ತುಂಡು ತೆಗೆಸುವುದೆಂದು ಯೋಚನೆ. ಕಿಟ್ಟುವಿಗೆ ಅಲ್ಲಿಗೆ ಬರಲು ಹೇಳಿದ್ದೆ. ಹ್ಯಾಂಡಲ್ ತಿರುಗಿಸಿ ಇಂಜಿನ್ ಶುರು ಮಾಡಿ ನೋಡುತ್ತೇನೆ, ಗಂಗಮ್ಮ ಬಂದು ಮುಂದಿನ ಸೀಟಿನಲ್ಲಿ ಕೂತಿದ್ದಾಳೆ. ಸಂತೆಯ ದಿನ ಅಲ್ಲ, ಬುಟ್ಟಿ ಇಲ್ಲ, ಸೆರಗು ಬಿಗಿಯಾಗಿ ಸಿಕ್ಕಿಸಿಕೊಂಡಿದ್ದಾಳೆ.

"ನೀ ಎಲ್ಲಿಗೆ? ಇಳಿ" ಎಂದೆ.

"ನಾ ಇಳ್ಯೂದಿಲ್ಲೆ."

"ಗಾಡಿ ಸರಿ ಇಲ್ಲ ಗಂಗೂ."

"ನಂಗೆ ಗೊತ್ತುಟ್ಟು. ಆ ದಿನ ನೀರು ನೋಡಿಕೆ ಇಳಿದಿರಲ್ಲ, ಬಾನೆಟಿನ ಕೆಳಗೆ ನಿಮ್ಮ ಕಾಲು ಕಾಣ್ತಿತ್ತ್. ಕಾಲೂ ನಡುಗ್ತಿತ್ತ್."

ನಾನು ಕೈಯನ್ನು ಮುಚ್ಚಿಟ್ಟುಕೊಂಡಿದ್ದೆ. ಕಾಲಿನ ಯೋಚನೆ ನನಗೆ ಬಂದೇ ಇರಲಿಲ್ಲ. ಆರು ವಾರದಿಂದ ಅವಳಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಪ್ರತಿ ಶುಕ್ರವಾರ ಬುಟ್ಟಿ ಹಿಡಿದು ಹತ್ತಿದ್ದಳು. ಹತ್ತದಿದ್ದರೆ ಉಳಿದವರು ಕಾರಣ ಕೇಳುತ್ತಾರೆ, ನನ್ನ ಮಾನ ಹೋಗುತ್ತದೆ ಎಂದು! "ಹಾಗಾದ್ರೆ ಇವತ್ತು ಎಂತಕೆ ಹತ್ತಿದ್ದು? ಇವತ್ತು ಯಾರೂ ನೋಡ್ತಾ ಇಲ್ಲ" ಎಂದೆ. ಅವಳು ದಾರಿಯ ಕಡೆಗೇ ನೋಡುತ್ತಾ ಹೇಳಿದಳು: "ನೀವು ಒಬ್ಬರೇ ಹೆದ್ರಿಕಂಡ್ ಹೋದು ಬೇಡ." ಗೇರು ಹಾಕಿ ಹೊರಟೆ. ತಿರುವಿನಲ್ಲಿ ಚಕ್ರ ಬಡಿದುಕೊಂಡಾಗ ಅವಳು ಕಿರುಚಲಿಲ್ಲ, ಸ್ಟೇರಿಂಗಿನ ಎಡಭಾಗವನ್ನು ಎರಡೂ ಕೈಯಿಂದ ಹಿಡಿದು ನನ್ನ ಜೊತೆ ಎಳೆದಳು. ಕೆಳಗೆ ಪೊನ್ನಪ್ಪನವರ ಕಣದಲ್ಲಿ ಗಾಡಿ ನಿಂತ ಮೇಲೆ ಅವಳ ಬೆರಳುಗಳನ್ನು ನಾನೇ ಒಂದೊಂದಾಗಿ ಬಿಡಿಸಬೇಕಾಯಿತು.

ಆ ಬೆರಳು ಬಿಡಿಸಿದ ಕೈಯಿಂದಲೇ ತಮ್ಮ ತಂತಿ ಕತ್ತರಿಸಿದೆ. ನಾಲ್ಕು ಬೋಲ್ಟಿನಲ್ಲಿ ಒಂದರ ನಟ್ಟು ಎರಡೇ ಸುತ್ತು ತಿರುಗಿಸಿದ್ದಕ್ಕೆ ಕಳಚಿ ಕೆಳಗೆ ಬಿತ್ತು. ಎಡಗಡೆಯ ಮರದ ತುಂಡು ಉದ್ದಕ್ಕೆ ಸೀಳಿತ್ತು. ಕಿಟ್ಟು ಅದನ್ನು ನೋಡಿ ಜನಿವಾರ ಮುಟ್ಟಿಕೊಂಡ. ಇನ್ನೊಂದು ಶುಕ್ರವಾರ ತಡೆಯುತ್ತಿತ್ತೋ ಇಲ್ಲವೋ ಎಂದು ಅವನನ್ನು ಕೇಳಿದೆ, ಅವನು ಆ ತುಂಡನ್ನು ನನ್ನ ಕೈಗೆ ಕೊಟ್ಟ. ಆ ಹಳೆಯ ಬೆಣೆಯನ್ನೇ, ದಪ್ಪ ತುದಿ ಹಿಂದಕ್ಕೆ ಬರುವಂತೆ, ಮೊದಲಿನ ಹಾಗೆ ಕೂರಿಸಿದ. ಗಾಡಿ ಈಗ ತಗ್ಗಾಗಿದೆ, ನೆಟ್ಟಗೆ ಓಡುತ್ತದೆ, ಆದರೆ ಮೂತಿ ಗುದ್ದಿಕೊಳ್ಳದೆ ಕಡಂಗ ದಾಟುವುದಿಲ್ಲ. ಅದು ಪೊನ್ನಪ್ಪನವರ ಕಣದಲ್ಲೇ ಇದೆ. ನಮ್ಮವರು ಕಡಂಗವನ್ನು ಕಾಲ್ನಡಿಗೆಯಲ್ಲಿ ಇಳಿದು ಹತ್ತಿ ಅಲ್ಲಿಯವರೆಗೆ ಬರಬೇಕು, ಅಕ್ಕಿ ಮೂಟೆ ತಲೆ ಮೇಲೆ ಬರಬೇಕು. ಬೊಳ್ಳಮ್ಮಜ್ಜಿಯನ್ನು ಇಬ್ಬರು ಕೈ ಹಿಡಿದು ಇಳಿಸಬೇಕು. ಮಳೆ ಹಿಡಿದ ಮೇಲೆ ಅದೂ ಆಗುವುದಿಲ್ಲ. ಮೊನ್ನೆ ಅಜ್ಜಿ ದಂಡೆಯಲ್ಲಿ ಕೂತು ಉಸಿರು ಎಳೆದುಕೊಳ್ಳುವುದನ್ನು ನೋಡಿದೆ. ಯಾರಿಗಾದರೂ ರಾತ್ರೋರಾತ್ರಿ ಕಾಯಿಲೆ ಆದರೆ ಏನು ಮಾಡುವುದು ಎಂಬ ಹೊಸ ಹೆದರಿಕೆ ಈಗ ಹಳೆಯದರ ಜಾಗದಲ್ಲಿ ಬಂದು ಕೂತಿದೆ.

ಗದ್ದೆ ಕೆಲಸ ಶುರುವಾಗುವಾಗ ನಾವು ಕೋವಿಯನ್ನು ಒಳಗಿಡುವವರು. ನಾಟಿ ಮುಗಿದ ಮೇಲೆ ಮತ್ತೆ ಅದನ್ನು ಮುಟ್ಟುವುದು ಕೈಲ್‌ಮುಹೂರ್ತದ ಹಬ್ಬದ ದಿನ, ಆಯುಧಗಳಿಗೆ ಪೂಜೆ ಮಾಡಿ. ಈ ಸಲ ನಮ್ಮ ಮನೆಯ ಕೋವಿಯ ಪಕ್ಕದಲ್ಲಿ, ಹಿರಿಯರಿಗೆ ಎಡೆ ಇಡುವ ಕೋಣೆಯಲ್ಲಿ, ಆ ಸೀಳಿದ ಮರದ ತುಂಡನ್ನೂ ಇಟ್ಟಿದ್ದೇನೆ. ಮರೆಯಬಾರದೆಂದು. ಅದರ ಜೋಡಿ ತುಂಡನ್ನು, ಕತ್ತರಿಸಿದ ತಂತಿ ಮತ್ತು ಸೀಸದ ಮುದ್ರೆಯೊಂದಿಗೆ, ಇವತ್ತಿನ ಟಪಾಲಿನಲ್ಲಿ ತಮಗೆ ಕಳಿಸಿದ್ದೇನೆ. ಮೇಜಿನ ಮೇಲೆ ಕಾಗದ ಹಾರದ ಹಾಗೆ ಇಟ್ಟುಕೊಳ್ಳಲು ಒಳ್ಳೆಯದಾಗುತ್ತದೆ. ಯಾವ ಕಾಗದದ ಮೇಲೆ ಇಡಬೇಕೆಂದರೆ, ನಮ್ಮ ಮೂರು ಚಪ್ಪಡಿಯ ಅರ್ಜಿಯ ಮೇಲೆ.

ನನ್ನ ಬೇಡಿಕೆ ದೊಡ್ಡದಲ್ಲ. ಆ ಅರ್ಜಿಗೆ ರುಜು ಹಾಕಿ. ಕಲ್ಲು ದಾರಿಯ ಬದಿಯಲ್ಲೇ ಇದೆ, ಪಾಚಿ ಕಟ್ಟಿದೆ, ಹಾಸಲು ಎರಡು ಊರಿನ ಕೈಗಳಿವೆ, ಒಂದು ದಿನದ ಕೆಲಸ. ಮಳೆ ಬೀಳಲು ಮೂರು ವಾರ ಉಳಿದಿದೆ. ಮುದ್ರೆ ಒಡೆದದ್ದಕ್ಕೆ ಶಿಕ್ಷೆ ಕೊಡುವುದಾದರೆ ನನಗೆ ಕೊಡಿ, ನನ್ನ ಲೈಸೆನ್ಸು ತೆಗೆದುಕೊಳ್ಳಿ, ಸಂಘದ ಪರ್ಮಿಟ್ಟು ಮುಟ್ಟಬೇಡಿ. ರುಜು ಹಾಕಲು ಇನ್ನೂ ಮನಸ್ಸಾಗದಿದ್ದರೆ ದಯಮಾಡಿ ಒಂದು ದಿನ ನಮ್ಮಲ್ಲಿಗೆ ಬನ್ನಿ. ಮರದ ತುಂಡುಗಳನ್ನು ಹೊಸದಾಗಿ ಕೆತ್ತಿಸಿ, ತಮ್ಮ ಆಜ್ಞೆಯಷ್ಟೇ ಎತ್ತರಕ್ಕೆ, ತಮ್ಮ ಗುಮಾಸ್ತರಿಂದಲೇ ಮುದ್ರೆ ಹಾಕಿಸಿ, ಆ ತಿರುವಿನಲ್ಲಿ ತಮ್ಮನ್ನು ಇಳಿಸುತ್ತೇನೆ. ಮುಂದಿನ ಸೀಟು ಖಾಲಿ ಇದೆ. ಗಂಗಮ್ಮ ಬಿಟ್ಟುಕೊಡುತ್ತಾಳೆ. ಅವಳು ಕೂತ ಜಾಗದಲ್ಲಿ ತಾವು ಕೂತು, ಅವಳು ಹಿಡಿದಲ್ಲೇ ತಾವೂ ಹಿಡಿದು ನೋಡಿ. ಕೆಳಗೆ ತಲುಪಿದರೆ ತಮ್ಮ ಬೆರಳುಗಳನ್ನು ಒಂದೊಂದಾಗಿ ನಾನೇ ಬಿಡಿಸಿ, ಆಮೇಲೆ ಆ ಕೈಗೆ ಪೆನ್ನು ಕೊಡುತ್ತೇನೆ.

ಇಂತಿ, ತಮ್ಮ ಮುದ್ರೆ ಒಡೆದವನೂ, ಹೆದರಿದ್ದನ್ನು ಊರೆದುರು ಒಪ್ಪಿಕೊಂಡವನೂ,
ದೇರಪ್ಪ
ಲೈಸೆನ್ಸು ಇರುವವರೆಗೆ ಸಂಘದ ಡ್ರೈವರ್
ಮೂರ್ನಾಡು ದಾರಿ, ಕಡಂಗದ ಈಚೆ ದಂಡೆ
ಮೇ ೧೯೫೫